ಸೋರಿಕೆ ಹುಡುಕುವ ಕೆಲಸಕ್ಕೂ ಕೂಲಿ ಸಲ್ಲಬೇಕು

ಮಾರ್ಪಡಿಸಿದ ಬಸ್ಸುಗಳ ಏರ್ ಸಸ್ಪೆನ್ಷನ್ ದುರಸ್ತಿ: ಅರಸೀಕೆರೆ, ಹಳೇಬೀಡು, ಬೇಲೂರು ಭಾಗದ ಉದ್ದಿಮೆದಾರರು ಗಮನಿಸಬೇಕಾದ ಸಂಗತಿ

ತುಮಕೂರಿನಿಂದ ಹೊರಟು ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆಗಳನ್ನು ಹಾದು, ಚಾರ್ಮಾಡಿ ಘಾಟಿಯನ್ನಿಳಿದು ಮಂಗಳೂರನ್ನು ಸೇರುವ ರಾಷ್ಟ್ರೀಯ ಹೆದ್ದಾರಿ 73 ಹಾಸನ ಜಿಲ್ಲೆಯ ವಾಣಿಜ್ಯಕ್ಕೆ ಬಹು ಮುಖ್ಯವಾದ ದಾರಿ. ಈ ದಾರಿಯ ಒಂದು ಭಾಗದಲ್ಲಿ ತೆಂಗು ಮತ್ತು ಕೊಬ್ಬರಿಯ ವ್ಯಾಪಾರ, ಇನ್ನೊಂದು ಭಾಗದಲ್ಲಿ ಕಾಫಿಯ ಸೀಮೆ, ನಡುವೆ ಹೊಯ್ಸಳರ ದೇವಾಲಯಗಳು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೋಟೆಲು, ವಸತಿಗೃಹ, ಕರಕುಶಲ ವಸ್ತುಗಳ ಮಾರಾಟ ಇವುಗಳಿಗೆ ಇದರಿಂದ ಆಗಬಹುದಾದ ಅನುಕೂಲಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಪ್ರವಾಸಿಗಳನ್ನು ಕರೆತರುವ ವಾಹನ ದಾರಿಯಲ್ಲಿ ಕೆಟ್ಟು ನಿಂತರೆ ಅದನ್ನು ಸರಿಪಡಿಸಿ ಕಳುಹಿಸುವವರು ಯಾರು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ.

ಈಗ ಬಸ್ಸೆಂದರೆ ಆಸನಗಳ ಸಾಲಷ್ಟೇ ಅಲ್ಲ. ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯ, ಫ್ರಿಜ್, ಜನರೇಟರ್‌ಗಳನ್ನು ಅಳವಡಿಸಿ ಮನೆಯಂತೆ ಮಾರ್ಪಡಿಸಿದ ಬಸ್ಸುಗಳು ರಸ್ತೆಗೆ ಬಂದಿವೆ. ಚಲನಚಿತ್ರದ ಹೊರಾಂಗಣ ಚಿತ್ರೀಕರಣಕ್ಕೆ ಕ್ಯಾರವಾನ್‌ಗಳು ಬಳಕೆಯಾಗುತ್ತಿವೆ. 2020ರಲ್ಲಿ ಕೆಎಸ್‌ಆರ್‌ಟಿಸಿ ತನ್ನ ಹಳೆಯ ಬಸ್ಸುಗಳನ್ನು ಸಂಚಾರಿ ಜ್ವರ ಚಿಕಿತ್ಸಾಲಯಗಳನ್ನಾಗಿ ಮಾರ್ಪಡಿಸಿತು. ಅದೇ ವರ್ಷ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಹಳೆಯ ಬಸ್ಸೊಂದು ಮಹಿಳೆಯರ ಶೌಚಾಲಯವಾಯಿತು. ಬಸ್ಸಿನ ಮೊದಲ ಉದ್ಯೋಗ ಮುಗಿದ ಮೇಲೆ ಅದಕ್ಕೆ ಎರಡನೆಯ ಉದ್ಯೋಗ ಕೊಡುವುದು ಮಿತವ್ಯಯದ ದೃಷ್ಟಿಯಿಂದ ಸ್ವಾಗತಾರ್ಹವೇ ಸರಿ.

ಇಂತಹ ಮಾರ್ಪಾಡಿಗೆ ಒಳಗಾಗುವ ಆರಾಮದಾಯಕ ಬಸ್ಸುಗಳಲ್ಲಿ ಅನೇಕವು ಏರ್ ಸಸ್ಪೆನ್ಷನ್ ಉಳ್ಳವು. 2001ರಲ್ಲಿ ವೋಲ್ವೊ ಬಿ7ಆರ್ ಬಸ್ಸುಗಳು ಭಾರತದ ರಸ್ತೆಗಿಳಿದು, ಕೆಎಸ್‌ಆರ್‌ಟಿಸಿಯ ಐರಾವತ ಸೇವೆಯ ಮೂಲಕ ಜನಪ್ರಿಯವಾದ ಬಳಿಕ ಈ ವ್ಯವಸ್ಥೆ ಕರ್ನಾಟಕದ ಪ್ರಯಾಣಿಕರಿಗೆ ಚಿರಪರಿಚಿತವಾಯಿತು. ಬಸ್ಸು ಆಸನಗಳೊಡನೆ ಓಡುತ್ತಿದ್ದಾಗ ಕಾಣದಿದ್ದ ಒಂದು ದೋಷ, ಅದು ಮನೆಯಾಗಿ ಒಂದೆಡೆ ನಿಂತಾಗ ಕಾಣಿಸಿಕೊಳ್ಳುತ್ತದೆ. ರಾತ್ರಿ ನೆಟ್ಟಗೆ ನಿಂತಿದ್ದ ಬಸ್ಸು ಬೆಳಿಗ್ಗೆ ಒಂದು ಮೂಲೆಗೆ ವಾಲಿರುತ್ತದೆ. ಎಂಜಿನ್ ಚಾಲೂ ಮಾಡಿದರೂ ಗಾಳಿ ತುಂಬಿ ಹೊರಡಲು ಬಹಳ ಹೊತ್ತು ಬೇಕಾಗುತ್ತದೆ. ಇದು ಗಾಳಿಯ ಸೋರಿಕೆ.

ಈ ಸೋರಿಕೆಯ ದುರಸ್ತಿ ಕಷ್ಟವಲ್ಲ, ಅದರ ಪತ್ತೆ ಕಷ್ಟ. ಆದರೆ ಈಗ ಚಾಲ್ತಿಯಲ್ಲಿರುವ ಬಿಲ್ಲಿನ ಪದ್ಧತಿಯಲ್ಲಿ ಕಷ್ಟವಾದ ಕೆಲಸಕ್ಕೆ ಕೂಲಿಯಿಲ್ಲ, ಸುಲಭವಾದ ಕೆಲಸಕ್ಕೆ ಮಾತ್ರ ಉಂಟು. ಈ ವಿಪರ್ಯಾಸವನ್ನು ಸರಿಪಡಿಸದೆ ಈ ಭಾಗದ ಗ್ಯಾರೇಜುಗಳು ಇಂತಹ ಕೆಲಸದಲ್ಲಿ ಹೆಸರು ಗಳಿಸಲಾರವು, ವಾಹನ ಮಾಲೀಕರ ಹಣವೂ ಉಳಿಯದು.

ವ್ಯವಸ್ಥೆಯ ಸ್ವರೂಪ

ಲೀಫ್ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲಗಳು ಬಸ್ಸಿನ ಭಾರವನ್ನು ಹೊರುವುದೇ ಏರ್ ಸಸ್ಪೆನ್ಷನ್. ಈ ಚೀಲಗಳಿಗೆ ಬೆಲ್ಲೋಸ್ ಎಂದು ಹೆಸರು. ಎರಡು ಆಕ್ಸಲ್‌ಗಳ ಬಸ್ಸಿನಲ್ಲಿ ಸಾಮಾನ್ಯವಾಗಿ ಮುಂದೆ ಎರಡು, ಹಿಂದೆ ನಾಲ್ಕು ಬೆಲ್ಲೋಸ್ ಇರುತ್ತವೆ. ಎಂಜಿನ್ನಿನಿಂದ ನಡೆಯುವ ಕಂಪ್ರೆಸರ್ ಗಾಳಿಯನ್ನು ಒತ್ತಿ ಕಳುಹಿಸುತ್ತದೆ. ಏರ್ ಡ್ರೈಯರ್ ಅದರ ತೇವವನ್ನು ಹೀರುತ್ತದೆ. ಅಲ್ಲಿಂದ ಗಾಳಿ ನಾಲ್ಕು ಸರ್ಕಿಟ್‌ಗಳ ರಕ್ಷಣಾ ವಾಲ್ವಿನ ಮೂಲಕ ಬ್ರೇಕಿನ ಟ್ಯಾಂಕುಗಳಿಗೂ ಇತರ ಉಪಯೋಗದ ಟ್ಯಾಂಕಿಗೂ ಹಂಚಿಕೆಯಾಗುತ್ತದೆ. ಟ್ಯಾಂಕಿನ ಒತ್ತಡ ಹಲವು ಬಸ್ಸುಗಳಲ್ಲಿ 8ರಿಂದ 10 ಬಾರ್ ಇರುತ್ತದೆ, ಕೆಲವು ಮಾದರಿಗಳಲ್ಲಿ ಇನ್ನೂ ಹೆಚ್ಚು. ನಿಖರವಾದ ಅಂಕಿಗೆ ಆಯಾ ತಯಾರಕರ ಕೈಪಿಡಿಯೇ ಪ್ರಮಾಣ.

ಟ್ಯಾಂಕಿಗೂ ಬೆಲ್ಲೋಸಿಗೂ ನಡುವೆ ಇರುವುದು ಲೆವೆಲಿಂಗ್ ವಾಲ್ವ್. ಇದರ ದೇಹ ಚಾಸಿಗೆ, ಇದರ ಕೈ ಒಂದು ಸಣ್ಣ ಸರಳಿನ ಮೂಲಕ ಆಕ್ಸಲ್ಲಿಗೆ ಜೋಡಣೆಯಾಗಿರುತ್ತದೆ. ಭಾರ ಹೆಚ್ಚಿ ಬಸ್ಸು ಕುಸಿದರೆ ಕೈ ಮೇಲೆದ್ದು ಬೆಲ್ಲೋಸಿಗೆ ಗಾಳಿ ಬಿಡುತ್ತದೆ. ಭಾರ ಇಳಿದು ಬಸ್ಸು ಎದ್ದರೆ ಕೈ ಕೆಳಗಿಳಿದು ಹೆಚ್ಚಿನ ಗಾಳಿಯನ್ನು ಹೊರಹಾಕುತ್ತದೆ. ಸಾಮಾನ್ಯವಾಗಿ ಮುಂದಿನ ಎರಡೂ ಬೆಲ್ಲೋಸಿಗೆ ಸೇರಿ ಒಂದು ವಾಲ್ವ್, ಹಿಂದೆ ಎಡಬಲಗಳಿಗೆ ಒಂದೊಂದರಂತೆ ಎರಡು ವಾಲ್ವ್ ಇರುತ್ತವೆ. ಮೂರು ಕಾಲಿನ ಮಣೆ ನೆಲ ಹೇಗಿದ್ದರೂ ಅಲುಗದೆ ಕೂರುವಂತೆ, ಮೂರು ವಾಲ್ವುಗಳಿಂದ ಬಸ್ಸು ಸಮತಲದಲ್ಲಿ ನಿಲ್ಲುತ್ತದೆ. ಈ ವಿನ್ಯಾಸವನ್ನು ತಿಳಿದಿರುವುದು ಸೋರಿಕೆಯ ಪತ್ತೆಗೆ ಅತ್ಯಗತ್ಯ. ಯಾವ ಮೂಲೆ ಇಳಿದಿದೆ ಎಂಬುದರಿಂದಲೇ ಅರ್ಧ ಉತ್ತರ ಸಿಗುತ್ತದೆ.

ಮಾರ್ಪಾಡಿನಿಂದ ಹುಟ್ಟುವ ತೊಂದರೆಗಳು

ಓಡುತ್ತಿರುವ ಬಸ್ಸು ಸಣ್ಣ ಸೋರಿಕೆಯನ್ನು ಮುಚ್ಚಿಡುತ್ತದೆ. ಉದಾಹರಣೆಗೆ, ಒಟ್ಟು 80 ಲೀಟರ್ ಗಾತ್ರದ ಟ್ಯಾಂಕುಗಳಲ್ಲಿ 8 ಬಾರ್ ಇದ್ದ ಒತ್ತಡ ಹತ್ತು ಗಂಟೆಗಳಲ್ಲಿ 6 ಬಾರ್‌ಗೆ ಇಳಿಯಿತು ಎಂದಿಟ್ಟುಕೊಳ್ಳಬಹುದು. ಸೋರಿದ್ದು ಹೊರಗಿನ ಗಾಳಿಯ ಲೆಕ್ಕದಲ್ಲಿ ಸುಮಾರು 160 ಲೀಟರ್, ಅಂದರೆ ಗಂಟೆಗೆ 16 ಲೀಟರ್. ನಿಮಿಷಕ್ಕೆ 200 ಲೀಟರ್ ಗಾಳಿ ಒದಗಿಸುವ ಕಂಪ್ರೆಸರಿಗೆ ಇದು ಗಂಟೆಗೆ ಐದು ಸೆಕೆಂಡಿನ ಕೆಲಸ. ಆದ್ದರಿಂದ ದಿನವಿಡೀ ಓಡುವ ಬಸ್ಸಿನಲ್ಲಿ ಚಾಲಕನಿಗೆ ಇದು ತಿಳಿಯುವುದೇ ಇಲ್ಲ. ಅದೇ ಬಸ್ಸು ಕ್ಯಾರವಾನ್ ಆಗಿ ಬೇಲೂರಿನಲ್ಲಿ ಎರಡು ರಾತ್ರಿ ತಂಗಿದರೆ ಮೂರನೆಯ ಬೆಳಿಗ್ಗೆ ನೆಲ ಹಿಡಿದಿರಬಹುದು. ಮಾರ್ಪಾಡು ಮಾಡಿದವರೇ ಕೆಡಿಸಿದರು ಎಂದು ಮಾಲೀಕರು ದೂರುವುದುಂಟು. ಎಷ್ಟೋ ಬಾರಿ ದೋಷ ಹಳೆಯದು, ಕಂಡದ್ದು ಮಾತ್ರ ಹೊಸದಾಗಿ.

ಹಾಗೆಂದು ಮಾರ್ಪಾಡು ಮಾಡುವವರು ನಿರ್ದೋಷಿಗಳೆಂದು ಹೇಳಲಾಗದು. ಅವರ ಕೆಲಸದಿಂದಲೇ ಹುಟ್ಟುವ ತೊಂದರೆಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಭಾರದ ಹಂಚಿಕೆ. ನೀರಿನ ಟ್ಯಾಂಕ್, ಬ್ಯಾಟರಿ, ಜನರೇಟರ್ ಎಲ್ಲವನ್ನೂ ಅನುಕೂಲ ನೋಡಿ ಒಂದೇ ಮಗ್ಗುಲಿಗೆ ಕೂರಿಸಿದರೆ ಆ ಮಗ್ಗುಲಿನ ಬೆಲ್ಲೋಸ್ ಸದಾ ಹೆಚ್ಚಿನ ಒತ್ತಡದಲ್ಲಿರುತ್ತದೆ. 300 ಲೀಟರ್ ನೀರೆಂದರೆ 300 ಕಿಲೋ ಭಾರ ಎಂಬುದನ್ನು ಮರೆಯುವಂತಿಲ್ಲ.

ಎರಡನೆಯದು ವೆಲ್ಡಿಂಗ್. ತಳದಲ್ಲಿ ಚೌಕಟ್ಟು ಕೂರಿಸುವಾಗ ಸಿಡಿಯುವ ಕಿಡಿ ನೈಲಾನ್ ಪೈಪಿನ ಮೇಲೋ ಬೆಲ್ಲೋಸಿನ ಮೇಲೋ ಬಿದ್ದು ಸಾಸಿವೆಯಷ್ಟು ಗಾಯ ಮಾಡುತ್ತದೆ. ಅದು ಅಂದೇ ಸೋರದೆ ಕೆಲವು ತಿಂಗಳುಗಳ ನಂತರ ಸೋರತೊಡಗಬಹುದು. ಕೆಲಸಕ್ಕೆ ಮೊದಲು ಇವುಗಳನ್ನು ಬಿಚ್ಚಿಡುವುದು, ಇಲ್ಲವೆ ಬೆಂಕಿ ತಾಗದ ಹೊದಿಕೆಯಿಂದ ಮುಚ್ಚುವುದು ಸುಲಭದ ಎಚ್ಚರಿಕೆ.

ಮೂರನೆಯದು ಪೈಪುಗಳ ಸ್ಥಳಾಂತರ. ಸಾಮಾನಿನ ಪೆಟ್ಟಿಗೆಗೋ ಟ್ಯಾಂಕಿಗೋ ಜಾಗ ಮಾಡಲು ಗಾಳಿಯ ಪೈಪನ್ನು ಸರಿಸಿ ಸೈಲೆನ್ಸರಿನ ಹತ್ತಿರ ತಂದರೆ ನೈಲಾನ್ ಬಿಸಿಗೆ ಮೆತ್ತಗಾಗುತ್ತದೆ; ಚಾಸಿಯ ಅಂಚಿಗೆ ಉಜ್ಜುವಂತೆ ಬಿಟ್ಟರೆ ಸವೆಯುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯಕರ. ಗಾಳಿಯಿಂದ ತೆರೆಯುವ ಬಾಗಿಲು, ಹಾರ್ನ್ ಅಥವಾ ಇನ್ನಾವುದೋ ಹೊಸ ಉಪಕರಣಕ್ಕೆ ಬ್ರೇಕಿನ ಟ್ಯಾಂಕಿನಿಂದಲೇ ಕವಲು ತೆಗೆಯುವುದು. ಒಂದು ಸರ್ಕಿಟ್ ಒಡೆದರೂ ಬ್ರೇಕಿನ ಗಾಳಿ ಉಳಿಯಲೆಂದು ರಕ್ಷಣಾ ವಾಲ್ವನ್ನು ಇರಿಸಿರುತ್ತಾರೆ. ಆ ವಾಲ್ವನ್ನು ದಾಟಿದ ಮೇಲೆ ಬ್ರೇಕಿನ ಕಡೆಯಿಂದ ತೆಗೆದ ಕವಲು ಆ ರಕ್ಷಣೆಯನ್ನೇ ನಿರರ್ಥಕಗೊಳಿಸುತ್ತದೆ. ಇಂತಹ ಕವಲು ಕಂಡ ಗ್ಯಾರೇಜಿನವರು ಅದರ ಸೋರಿಕೆಯನ್ನು ನಿಲ್ಲಿಸಿ ಸುಮ್ಮನಾಗದೆ, ಕವಲನ್ನೇ ತೆಗೆಸಬೇಕು.

ಕ್ರಮಬದ್ಧವಾದ ಪರೀಕ್ಷೆ

ಸೋರಿಕೆಯ ಪತ್ತೆಗೆ ದುಬಾರಿ ಯಂತ್ರಗಳು ಬೇಕೆಂಬುದು ತಪ್ಪು ಕಲ್ಪನೆ. ಅಳತೆಯ ಟೇಪು, ನಂಬಿಕೆಗೆ ಅರ್ಹವಾದ ಪ್ರೆಶರ್ ಗೇಜ್, ಸೋಪು ನೀರು, ಬ್ರಷ್, ಪೈಪಿನ ಬಾಯಿ ಮುಚ್ಚುವ ಕೆಲವು ಪ್ಲಗ್‌ಗಳು, ಒಂದು ಟಾರ್ಚು, ಒಂದು ನೋಟ್ ಪುಸ್ತಕ ಇಷ್ಟೇ ಸಾಧನಗಳು. ಇವುಗಳ ಜೊತೆಗೆ ಬೇಕಾದದ್ದು ಸಮಯ. ಇದಕ್ಕೆ ಈಗ ಯಾರೂ ಬೆಲೆ ಕಟ್ಟುತ್ತಿಲ್ಲ.

ಬಸ್ಸನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಅಡೆ ಕೊಟ್ಟು, ಗಾಳಿಯನ್ನು ಪೂರ್ತಿ ತುಂಬಿಸಬೇಕು. ತುಂಬಿದಾಗ ಏರ್ ಡ್ರೈಯರಿನಿಂದ ಒಮ್ಮೆ ಭುಸ್ಸೆಂದು ಗಾಳಿ ಹೊರಬರುವುದು ಸಹಜ, ಅದು ಸೋರಿಕೆಯಲ್ಲ. ಆದರೆ ಅದೇ ಬಾಯಿಯಿಂದ ಗಾಳಿ ಎಡೆಬಿಡದೆ ಹೋಗುತ್ತಿದ್ದರೆ ಒಳಗಿನ ವಾಲ್ವಿನಲ್ಲಿ ಕಸ ಸಿಕ್ಕಿದೆ ಅಥವಾ ಅದು ಸವೆದಿದೆ ಎಂದರ್ಥ. ಎಂಜಿನ್ ನಿಲ್ಲಿಸಿದ ಬಳಿಕ ಟ್ಯಾಂಕಿನ ಒತ್ತಡವನ್ನೂ, ನಾಲ್ಕು ಮೂಲೆಗಳಲ್ಲಿ ನೆಲದಿಂದ ಚಾಸಿಯ ಗೊತ್ತಾದ ಬಿಂದುವಿನವರೆಗಿನ ಎತ್ತರವನ್ನೂ ಬರೆದಿಡಬೇಕು. ಒಂದು ಗಂಟೆಯ ನಂತರ, ಆರು ಗಂಟೆಗಳ ನಂತರ, ಮರುದಿನ ಬೆಳಿಗ್ಗೆ ಇದೇ ಅಂಕಿಗಳನ್ನು ಮತ್ತೆ ಬರೆಯಬೇಕು.

ಇಲ್ಲಿ ಹವಾಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಾಳಿ ತಣ್ಣಗಾದರೆ ಅದರ ಒತ್ತಡ ತಾನಾಗಿ ಇಳಿಯುತ್ತದೆ. ಸಂಜೆ 30 ಡಿಗ್ರಿ ಇದ್ದ ಟ್ಯಾಂಕು ಬೆಳಗಿನ ಜಾವ 15 ಡಿಗ್ರಿಗೆ ಇಳಿದರೆ, 8 ಬಾರ್ ಇದ್ದ ಗೇಜ್ ಒಂದು ತೊಟ್ಟೂ ಸೋರದೆ ಸುಮಾರು 7.5 ಬಾರ್ ತೋರಿಸುತ್ತದೆ. ಮಲೆನಾಡಿನ ಅಂಚಿನ ಚಳಿಗಾಲದ ರಾತ್ರಿಗಳಲ್ಲಿ ಇಷ್ಟು ಇಳಿಕೆಯನ್ನು ದೋಷವೆಂದು ಬಗೆದು ಬಿಡಿಭಾಗಗಳನ್ನು ಬದಲಿಸುವುದು ಹಣದ ದುಂದು.

ಬರೆದಿಟ್ಟ ಅಂಕಿಗಳನ್ನು ಓದುವ ಬಗೆ ಹೀಗಿದೆ. ಟ್ಯಾಂಕಿನ ಒತ್ತಡ ಇಳಿದು ಬಸ್ಸಿನ ಎತ್ತರ ಹಾಗೆಯೇ ಉಳಿದಿದ್ದರೆ, ಸೋರಿಕೆ ಲೆವೆಲಿಂಗ್ ವಾಲ್ವಿಗಿಂತ ಹಿಂದೆ, ಅಂದರೆ ಟ್ಯಾಂಕು, ಡ್ರೈಯರ್, ರಕ್ಷಣಾ ವಾಲ್ವ್ ಅಥವಾ ಅವುಗಳ ಪೈಪುಗಳಲ್ಲಿರುವ ಸಂಭವ ಹೆಚ್ಚು. ಲೆವೆಲಿಂಗ್ ವಾಲ್ವಿನೊಳಗೆ ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ಏರ್ಪಾಡು ಇರುವುದರಿಂದ ಬೆಲ್ಲೋಸಿನ ಗಾಳಿ ಉಳಿದುಕೊಂಡಿರುತ್ತದೆ. ಟ್ಯಾಂಕು ಸರಿಯಾಗಿದ್ದು ಬಸ್ಸು ಮಾತ್ರ ಇಳಿದಿದ್ದರೆ, ಸೋರಿಕೆ ಆ ಮೂಲೆಯ ಬೆಲ್ಲೋಸ್, ಅದರ ಪೈಪು ಅಥವಾ ಲೆವೆಲಿಂಗ್ ವಾಲ್ವಿನ ಒಳಭಾಗದಲ್ಲಿದೆ ಎಂದು ಶಂಕಿಸಬಹುದು. ಹಿಂದಿನ ಒಂದು ಮಗ್ಗುಲು ಮಾತ್ರ ಇಳಿದರೆ ಆ ಮಗ್ಗುಲಿನ ವಾಲ್ವಿಗೆ ಸೇರಿದ ಭಾಗಗಳನ್ನಷ್ಟೇ ನೋಡಿದರೆ ಸಾಕು. ಮುಂದಿನ ಎರಡೂ ಕಡೆ ಒಟ್ಟಿಗೆ ಇಳಿದರೆ ಎರಡು ಬೆಲ್ಲೋಸೂ ಕೆಟ್ಟಿವೆ ಎಂದು ತಿಳಿಯಬೇಕಾಗಿಲ್ಲ. ಎರಡಕ್ಕೂ ಒಂದೇ ವಾಲ್ವ್ ಇರುವುದರಿಂದ ಒಂದರ ಸೋರಿಕೆ ಇನ್ನೊಂದನ್ನೂ ಇಳಿಸುತ್ತದೆ. ಈ ಒಂದು ಸಂಗತಿಯನ್ನು ಅರಿಯದೆ ಒಂದರ ಬದಲು ಎರಡು ಬೆಲ್ಲೋಸ್ ಕೊಂಡರೆ ಮಾಲೀಕನ ಖರ್ಚು ಅನಗತ್ಯವಾಗಿ ಇಮ್ಮಡಿಯಾಗುತ್ತದೆ.

ಹೀಗೆ ಕ್ಷೇತ್ರವನ್ನು ಕಿರಿದಾಗಿಸಿದ ಮೇಲೆಯೇ ಸೋಪು ನೀರಿನ ಸರದಿ. ಮೊದಲು ಸದ್ದಿಲ್ಲದ ಹೊತ್ತಿನಲ್ಲಿ ಕಿವಿಗೊಟ್ಟು ಆಲಿಸಬೇಕು, ಬಳಿಕ ಪ್ರತಿಯೊಂದು ಫಿಟ್ಟಿಂಗಿಗೆ ಸೋಪು ನೀರು ಹಚ್ಚಿ ಗುಳ್ಳೆಗಾಗಿ ಕಾಯಬೇಕು. ಸಣ್ಣ ಸೋರಿಕೆಯ ಗುಳ್ಳೆ ಏಳಲು ಒಂದೆರಡು ನಿಮಿಷ ಬೇಕಾಗಬಹುದು. ಅಮೋನಿಯಾ ಇರುವ ಶುಚಿಕಾರಕಗಳನ್ನು ಬಳಸಬಾರದು, ಅವು ಹಿತ್ತಾಳೆಯ ಫಿಟ್ಟಿಂಗುಗಳಲ್ಲಿ ಬಿರುಕು ಹುಟ್ಟಿಸುತ್ತವೆ. ಬೆಲ್ಲೋಸಿನ ಮಡಿಕೆಯಲ್ಲಿರುವ ಬಿರುಕು ಸಾಧಾರಣ ಎತ್ತರದಲ್ಲಿ ಕಾಣುವುದಿಲ್ಲ. ಚಾಸಿಯನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ಕೂರಿಸಿ, ಮಡಿಕೆ ಬಿಚ್ಚಿಕೊಂಡಾಗ ಪರಿಶೀಲಿಸಬೇಕು. ಲೆವೆಲಿಂಗ್ ವಾಲ್ವಿನ ಕೈ ಸಮಸ್ಥಿತಿಯಲ್ಲಿದ್ದೂ ಅದರ ಹೊರದಾರಿಯಿಂದ ಗಾಳಿ ಹೋಗುತ್ತಿದ್ದರೆ ವಾಲ್ವಿನ ಒಳಗೇ ದೋಷವಿದೆ.

ಕೆಲವು ಅಭ್ಯಾಸಗಳನ್ನು ಬಿಡುವುದು ಲೇಸು. ನೈಲಾನ್ ಪೈಪನ್ನು ಇಕ್ಕಳದಿಂದ ಹಿಚುಕಿ ಪರೀಕ್ಷಿಸಿದರೆ ಅಲ್ಲೇ ಹೊಸ ಬಿರುಕಿಗೆ ಬೀಜ ಬಿತ್ತಿದಂತೆ. ಪೈಪು ಕಳಚಿ ಪ್ಲಗ್ ಹಾಕುವುದೇ ಸರಿ. ಒತ್ತಿ ಕೂರಿಸುವ ಫಿಟ್ಟಿಂಗಿಗೆ ಪೈಪನ್ನು ಓರೆಯಾಗಿ ಕತ್ತರಿಸಬಾರದು, ಹಳೆಯ ಗೀರಿರುವ ತುದಿಯನ್ನು ಮತ್ತೆ ಬಳಸಬಾರದು. ಒ-ರಿಂಗ್ ಇರುವ ಫಿಟ್ಟಿಂಗಿಗೆ ಟೆಫ್ಲಾನ್ ಟೇಪು ಸುತ್ತುವುದರಿಂದ ಪ್ರಯೋಜನವಿಲ್ಲ; ಅದರ ಚೂರುಗಳು ವಾಲ್ವಿನೊಳಗೆ ಸೇರಿ ಹೊಸ ಸೋರಿಕೆಗೆ ಕಾರಣವಾಗುತ್ತವೆ. ಸೋರುತ್ತಿರುವ ಬಸ್ಸಿನ ವಾಲನ್ನು ಲೆವೆಲಿಂಗ್ ವಾಲ್ವಿನ ಸರಳನ್ನು ಬಗ್ಗಿಸಿ ಸರಿಪಡಿಸುವುದಂತೂ ರೋಗವನ್ನು ಬಿಟ್ಟು ಜ್ವರಮಾಪಕವನ್ನು ತಿದ್ದಿದ ಹಾಗೆ. ಎಲೆಕ್ಟ್ರಾನಿಕ್ ನಿಯಂತ್ರಣದ ಬಸ್ಸುಗಳಲ್ಲಿ ಎತ್ತರವನ್ನು ಅಳೆಯುವ ಸೆನ್ಸರ್‌ಗಳೂ ವಿದ್ಯುತ್ ವಾಲ್ವುಗಳೂ ಇರುವುದರಿಂದ ದೋಷಸಂಕೇತಗಳನ್ನು ಓದುವ ಉಪಕರಣ ಬೇಕಾಗುತ್ತದೆ. ಅಲ್ಲಿಯೂ ಟೇಪು ಮತ್ತು ಗೇಜಿನ ಪರೀಕ್ಷೆಯೇ ಮೊದಲ ಹೆಜ್ಜೆ.

ಪ್ರಾಣದ ಪ್ರಶ್ನೆ

ಗಾಳಿಯ ಸೋರಿಕೆಯನ್ನು ಕೇವಲ ಅನಾನುಕೂಲವೆಂದು ಎಣಿಸುವುದು ಅವಿವೇಕ. 25 ಸೆಂಟಿಮೀಟರ್ ವ್ಯಾಸದ ಒಂದು ಬೆಲ್ಲೋಸ್ 5 ಬಾರ್ ಒತ್ತಡದಲ್ಲಿ ಹೊರುವ ಭಾರ ಸುಮಾರು ಎರಡೂವರೆ ಟನ್. ಬಸ್ಸಿನ ಕೆಳಗೆ ಮಲಗಿ ಸೋಪು ನೀರು ಹಚ್ಚುವ ಕೆಲಸಗಾರನ ಎದೆಗೂ ಈ ಭಾರಕ್ಕೂ ನಡುವೆ ಇರುವುದು ರಬ್ಬರು ಮತ್ತು ಗಾಳಿ ಮಾತ್ರ. ಬೆಲ್ಲೋಸ್ ಒಡೆದರೆ ಅಥವಾ ಯಾರಾದರೂ ತಿಳಿಯದೆ ಲೆವೆಲಿಂಗ್ ವಾಲ್ವಿನ ಕೈಯನ್ನು ಎಳೆದರೆ ಬಸ್ಸು ಕ್ಷಣಾರ್ಧದಲ್ಲಿ ಕೆಲವು ಅಂಗುಲ ಕುಸಿಯುತ್ತದೆ. ಆ ಕೆಲವು ಅಂಗುಲ ಸಾಕು. ಜಾಕಿಯ ಮೇಲಿಟ್ಟ ಬಸ್ಸಿನ ಕೆಳಗೂ ನುಸುಳಕೂಡದು. ಚಾಸಿಯ ಕೆಳಗೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟ ನಂತರವೇ ಕೆಲಸಗಾರ ಒಳಹೋಗಬೇಕು. ಯಾವುದೇ ಪೈಪನ್ನು ಕಳಚುವ ಮುನ್ನ ಆ ಭಾಗದ ಗಾಳಿಯನ್ನು ಖಾಲಿ ಮಾಡಬೇಕು. ತರಾತುರಿಯಲ್ಲಿ, ಕೂಲಿಯಿಲ್ಲದ ಕೆಲಸವೆಂದು ಬೇಗ ಮುಗಿಸುವ ಅವಸರದಲ್ಲಿ, ಈ ನಿಯಮಗಳೇ ಮೊದಲು ಮರೆತುಹೋಗುತ್ತವೆ.

ರಸ್ತೆಯ ಮೇಲಿನ ಅಪಾಯವೂ ಕಡಿಮೆಯಲ್ಲ. ಸದಾ ಸೋರುವ ವ್ಯವಸ್ಥೆಯಲ್ಲಿ ಕಂಪ್ರೆಸರ್ ವಿಶ್ರಾಂತಿಯಿಲ್ಲದೆ ದುಡಿದು ಕಾಯುತ್ತದೆ, ಎಣ್ಣೆಯನ್ನು ಗಾಳಿಯೊಡನೆ ತಳ್ಳುತ್ತದೆ. ಆ ಎಣ್ಣೆ ಡ್ರೈಯರಿನ ತೇವ ಹೀರುವ ಶಕ್ತಿಯನ್ನು ಕುಂದಿಸುತ್ತದೆ. ತೇವ ವಾಲ್ವುಗಳಿಗೆ ಹೋಗಿ ತುಕ್ಕು ಹಿಡಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಈ ಸರಪಳಿ ಇನ್ನೂ ಬೇಗ ಬೆಳೆಯುತ್ತದೆ. ಬ್ರೇಕಿಗೂ ಸಸ್ಪೆನ್ಷನ್ನಿಗೂ ಗಾಳಿ ಒದಗಿಸುವುದು ಒಂದೇ ಕಂಪ್ರೆಸರ್ ಎಂಬುದನ್ನು ನೆನೆದರೆ, ಘಾಟಿ ಇಳಿಯಲು ಹೊರಟ ಬಸ್ಸಿನ ಸಣ್ಣ ಸೋರಿಕೆಯನ್ನು ಯಾರೂ ಲಘುವಾಗಿ ಕಾಣಲಾರರು.

ಬಿಲ್ಲಿನಲ್ಲಿರುವ ಲೋಪ

ಇಷ್ಟೆಲ್ಲ ತಿಳಿದಿದ್ದರೂ ಕ್ರಮಬದ್ಧವಾದ ಪರೀಕ್ಷೆ ಏಕೆ ನಡೆಯುತ್ತಿಲ್ಲ? ಉತ್ತರ ಬಿಲ್ಲಿನಲ್ಲಿದೆ. ಸಾಮಾನ್ಯ ಗ್ಯಾರೇಜಿನ ಬಿಲ್ಲಿನಲ್ಲಿ ಇರುವುದು ಬಿಡಿಭಾಗದ ಬೆಲೆ ಮತ್ತು ಅದನ್ನು ಕೂರಿಸಿದ ಕೂಲಿ ಮಾತ್ರ. ಕೆಲಸಗಾರನೊಬ್ಬ ಆರು ಗಂಟೆ ಶ್ರಮಿಸಿ, ಸೋರುತ್ತಿರುವುದು ಕೆಲವೇ ರೂಪಾಯಿ ಬೆಲೆಯ ಒ-ರಿಂಗ್ ಎಂದು ಕಂಡುಹಿಡಿದರೆ, ಅವನಿಗೆ ದೊರೆಯುವುದು ಆ ರಿಂಗನ್ನು ಹಾಕಿದ ಹತ್ತು ನಿಮಿಷದ ಕೂಲಿ. ಅದೇ ಕೆಲಸಗಾರ ಪರೀಕ್ಷೆಯನ್ನೇ ಮಾಡದೆ ಸಾವಿರಾರು ರೂಪಾಯಿಯ ಬೆಲ್ಲೋಸನ್ನು ಬದಲಿಸಿದರೆ ಕೂಲಿಯೂ ಹೆಚ್ಚು, ಬಿಡಿಭಾಗದ ಮಾರಾಟದಲ್ಲಿ ಲಾಭವೂ ಉಂಟು. ಪ್ರಾಮಾಣಿಕನಿಗೆ ನಷ್ಟ, ಅಂದಾಜಿನವನಿಗೆ ಲಾಭ ಎಂಬ ಪದ್ಧತಿಯಲ್ಲಿ ಪ್ರಾಮಾಣಿಕತೆ ಬಹುಕಾಲ ಬಾಳಲಾರದು. ಇದು ಯಾವೊಬ್ಬ ವ್ಯಕ್ತಿಯ ದೋಷವೂ ಅಲ್ಲ, ಲೆಕ್ಕ ಬರೆಯುವ ಕ್ರಮದ ದೋಷ.

ಆದ್ದರಿಂದ ಬಿಲ್ಲಿನಲ್ಲಿ ಪತ್ತೆಯ ಕೂಲಿ ಎಂಬ ಪ್ರತ್ಯೇಕ ಸಾಲು ಬರಬೇಕು. ಕೆಲಸಕ್ಕೆ ಮುನ್ನವೇ ಅದನ್ನು ಮಾಲೀಕರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಕೂಲಿಗೆ ಪ್ರತಿಯಾಗಿ ಮಾಲೀಕರಿಗೆ ಒಂದು ಲಿಖಿತ ಪರೀಕ್ಷಾ ಪತ್ರ ದೊರೆಯಬೇಕು. ಅದರಲ್ಲಿ ಪರೀಕ್ಷೆಯ ದಿನಾಂಕ, ಒತ್ತಡ, ನಾಲ್ಕು ಮೂಲೆಗಳ ಎತ್ತರ, ಸೋರಿಕೆ ಕಂಡ ಸ್ಥಳ, ಬದಲಿಸಿದ ಭಾಗ, ಬದಲಿಸಿದ ನಂತರದ ಅಂಕಿಗಳು ಇರಬೇಕು. ಕಳಚಿದ ಹಳೆಯ ಭಾಗವನ್ನು ಮಾಲೀಕರ ಕೈಗೆ ಒಪ್ಪಿಸಬೇಕು.

ಬರೀ ನೋಡಿದ್ದಕ್ಕೆ ಹಣವೇ ಎಂದು ಗಿರಾಕಿಗಳು ಕೇಳುತ್ತಾರೆ ಎಂಬ ಆಕ್ಷೇಪ ಬರುವುದು ಖಚಿತ. ವೈದ್ಯರಿಗೆ ಪರೀಕ್ಷೆಯ ಶುಲ್ಕ ಕೊಡುವ ಗಿರಾಕಿಯೇ ಇವರು. ಚಿನ್ನವನ್ನು ಒರೆಗೆ ಹಚ್ಚದೆ ಕೊಳ್ಳುವ ಚಿನಿವಾರನಿಲ್ಲ, ಕೊಬ್ಬರಿಯ ಗುಣ ನೋಡದೆ ಬೆಲೆ ಹೇಳುವ ವರ್ತಕ ಅರಸೀಕೆರೆಯಲ್ಲಿ ಇಲ್ಲ. ನೋಡುವುದೇ ವ್ಯಾಪಾರದ ಮೊದಲ ಕಸುಬು ಎಂಬುದು ಈ ಭಾಗದ ಜನರಿಗೆ ಹೊಸ ಪಾಠವಲ್ಲ. ಪತ್ತೆಯ ಕೂಲಿ ಕೊಟ್ಟರೂ ಅನಗತ್ಯವಾದ ಒಂದು ಬೆಲ್ಲೋಸ್ ಉಳಿದರೆ ಒಟ್ಟು ಖರ್ಚು ಕಡಿಮೆಯೇ ಆಗುತ್ತದೆ ಎಂದು ಅಂಕಿ ಸಮೇತ ತೋರಿಸಿದರೆ ಒಪ್ಪದ ಮಾಲೀಕರು ವಿರಳ.

ಇಂತಹ ಕೆಲಸ ಬೆಂಗಳೂರಿನ ದೊಡ್ಡ ಸೇವಾ ಕೇಂದ್ರಗಳಿಗೇ ಸೇರಿದ್ದು ಎಂಬುದು ಇನ್ನೊಂದು ಆಕ್ಷೇಪ. ಎಲೆಕ್ಟ್ರಾನಿಕ್ ಭಾಗಗಳ ಹಾಗೂ ಬ್ರೇಕ್ ವಾಲ್ವುಗಳ ಕೆಲಸದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ತಿಳಿಯದ ಕೆಲಸಕ್ಕೆ ಕೈಹಾಕದಿರುವುದೂ ಒಂದು ಗುಣವೇ. ಆದರೆ ಹಳೇಬೀಡಿನಲ್ಲಿ ವಾಲಿ ನಿಂತ ಬಸ್ಸನ್ನು ಬೆಂಗಳೂರಿಗೆ ಎಳೆದೊಯ್ಯುವ ಮುನ್ನ, ಸೋರಿಕೆ ಎಲ್ಲಿದೆ ಎಂದು ನಿಖರವಾಗಿ ಹೇಳಬಲ್ಲ ಒಬ್ಬ ಕೆಲಸಗಾರ ಹತ್ತಿರದಲ್ಲಿದ್ದರೆ, ಮಾಲೀಕರು ಸರಿಯಾದ ಭಾಗವನ್ನೇ ತರಿಸಿಕೊಂಡು ಇಲ್ಲಿಯೇ ಹಾಕಿಸಬಹುದು. ರೈಲು ಜಂಕ್ಷನ್ ಆಗಿರುವ, ಹೆದ್ದಾರಿಯ ಮೇಲೆಯೇ ಇರುವ ಅರಸೀಕೆರೆ ಬಿಡಿಭಾಗ ತರಿಸಲು ಅನುಕೂಲವಾದ ಸ್ಥಳ.

ಸಣ್ಣ ಉದ್ದಿಮೆದಾರರಿಗೆ ಅವಕಾಶ

ಸಣ್ಣ ತಯಾರಕರಿಗೂ ಇದರಲ್ಲಿ ಪಾಲಿದೆ. ವಿವಿಧ ಅಳತೆಯ ಪರೀಕ್ಷಾ ಪ್ಲಗ್‌ಗಳು, ಗೇಜ್ ಜೋಡಿಸಿದ ಪರೀಕ್ಷಾ ಪೈಪು, ಪೈಪು ಉಜ್ಜದಂತೆ ಹಿಡಿಯುವ ಕ್ಲಿಪ್ಪುಗಳು, ಸೈಲೆನ್ಸರಿನ ಬಿಸಿಯನ್ನು ತಡೆಯುವ ತಗಡಿನ ಮರೆಗಳು, ಚಾಸಿಯ ಕೆಳಗೆ ಕೊಡುವ ಉಕ್ಕಿನ ಸ್ಟ್ಯಾಂಡುಗಳು ಇವೆಲ್ಲ ಲೇತು ಮತ್ತು ವೆಲ್ಡಿಂಗ್ ಇರುವ ಕಾರ್ಯಾಗಾರದಲ್ಲಿ ತಯಾರಾಗಬಲ್ಲ ವಸ್ತುಗಳು. ಸ್ಟ್ಯಾಂಡಿನ ಮೇಲೆ ಅದು ಹೊರಬಲ್ಲ ಭಾರವನ್ನು ಪರೀಕ್ಷೆ ಮಾಡಿಯೇ ಅಚ್ಚೊತ್ತಬೇಕು, ಅಂದಾಜಿನಿಂದಲ್ಲ. ಆದರೆ ಬೆಲ್ಲೋಸಿಗೆ ತೇಪೆ ಹಾಕುವ, ಬ್ರೇಕ್ ವಾಲ್ವುಗಳನ್ನು ನಕಲು ಮಾಡುವ ಸಾಹಸ ಸಲ್ಲದು. ಟ್ಯೂಬಿಗೆ ಹಾಕುವ ತೇಪೆ ಬೆಲ್ಲೋಸಿಗೆ ಸಲ್ಲುವುದಿಲ್ಲ.

ಬಸ್ಸುಗಳನ್ನು ಮಾರ್ಪಡಿಸುವ ಉದ್ದಿಮೆದಾರರು ಕೆಲಸಕ್ಕೆ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಹನ್ನೆರಡು ಗಂಟೆಗಳ ಗಾಳಿ ಪರೀಕ್ಷೆ ಮಾಡಿ ಎರಡೂ ಪತ್ರಗಳನ್ನು ಮಾಲೀಕರಿಗೆ ಕೊಟ್ಟರೆ, ದೋಷ ಹಳೆಯದೋ ಹೊಸದೋ ಎಂಬ ಜಗಳಕ್ಕೆ ಎಡೆಯೇ ಇರದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದು ಎಂಬುದೇ ಸಾಮಾನ್ಯ ನಿಯಮ. ಮಾರ್ಪಾಡಿಗೆ ಕೈಹಾಕುವವರು ಸಾರಿಗೆ ಇಲಾಖೆಯ ಅನುಮೋದನೆಯ ವಿಷಯವನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಸಂಘಟನೆಗಳ ಪಾತ್ರ

ವಾಣಿಜ್ಯ ಸಂಘಗಳು ಈ ದಿಸೆಯಲ್ಲಿ ಮಾಡಬಹುದಾದ ಕೆಲಸಗಳು ಮೂರು. ಎಲ್ಲ ಸದಸ್ಯರೂ ಬಳಸಬಹುದಾದ ಒಂದು ಪುಟದ ಪರೀಕ್ಷಾ ಪತ್ರದ ಮಾದರಿಯನ್ನು ಕನ್ನಡದಲ್ಲಿ ಮುದ್ರಿಸಿ ಹಂಚುವುದು ಮೊದಲನೆಯದು. ಐಟಿಐಗಳ ಸಹಕಾರದಿಂದ ಒಂದು ದಿನದ ಪ್ರಾತ್ಯಕ್ಷಿಕೆಯನ್ನು ಏರ್ಪಡಿಸಿ, ಸುರಕ್ಷತೆಯ ನಿಯಮಗಳನ್ನು ಗ್ಯಾರೇಜಿನ ಹುಡುಗರಿಗೆ ಕೈಯಾರೆ ಮಾಡಿ ತೋರಿಸುವುದು ಎರಡನೆಯದು. ಪತ್ತೆಯ ಕೂಲಿಯ ಪದ್ಧತಿಯನ್ನು ಪ್ರವಾಸಿ ವಾಹನಗಳ ಮಾಲೀಕರಿಗೆ ವಿವರಿಸಿ ಮನವರಿಕೆ ಮಾಡಿಕೊಡುವುದು ಮೂರನೆಯದು.

ಇಲ್ಲೊಂದು ಎಚ್ಚರಿಕೆಯ ಮಾತು ಅವಶ್ಯ. ಕೂಲಿಯ ದರವನ್ನು ಸಂಘವೇ ನಿಗದಿಪಡಿಸುವುದು ಉಚಿತವಲ್ಲ. ಪರಸ್ಪರ ಸ್ಪರ್ಧಿಗಳಾದ ಉದ್ದಿಮೆಗಳು ಅಥವಾ ಅವರ ಸಂಘಗಳು ಒಟ್ಟಾಗಿ ಬೆಲೆ ಗೊತ್ತುಮಾಡುವುದಕ್ಕೆ 2002ರ ಸ್ಪರ್ಧಾ ಕಾಯ್ದೆಯ 3ನೆಯ ಕಲಮಿನ ಅಡ್ಡಿಯಿದೆ. ನಮೂನೆ ಒಂದೇ ಇರಲಿ, ದರ ಅವರವರ ಅನುಭವಕ್ಕೂ ಹೆಸರಿಗೂ ತಕ್ಕಂತೆ ಇರಲಿ. ಅಂತೆಯೇ, ಉದ್ಯಮ್ ನೋಂದಣಿ ಮಾಡ���ಸಿಕೊಂಡ ಸೂಕ್ಷ್ಮ ಮತ್ತು ಸಣ್ಣ ಸೇವಾ ಘಟಕಗಳಿಗೆ ಬಾಕಿ ಹಣ ಪಾವತಿಸಲು ಖರೀದಿದಾರರಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಗರಿಷ್ಠ 45 ದಿನಗಳ ಮಿತಿ ಹಾಕಿದೆ. ಪ್ರವಾಸ ಸಂಸ್ಥೆಗಳಿಗೆ ಉದ್ರಿಯಲ್ಲಿ ಕೆಲಸ ಮಾಡಿಕೊಡುವ ಗ್ಯಾರೇಜಿನವರು ನೋಂದಣಿ ಮಾಡಿಸಿ, ಬಿಲ್ಲಿನಲ್ಲಿ ಆ ಸಂಖ್ಯೆಯನ್ನು ನಮೂದಿಸುವುದು ಒಳಿತು.

ದೇವಾಲಯಗಳನ್ನು ನೋಡಲು ಬಂದವರು ಊರಿಗೆ ಹಿಂತಿರುಗಿ ಶಿಲ್ಪದ ಬಗ್ಗೆ ಹೇಳುವಂತೆಯೇ, ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಯಾರು ಹೇಗೆ ನಡೆದುಕೊಂಡರು ಎಂಬುದನ್ನೂ ಹೇಳುತ್ತಾರೆ. ಅಂದಾಜಿನ ಮೇಲೆ ಭಾಗಗಳನ್ನು ಬದಲಿಸಿ ಹಣ ಪಡೆದವರ ಹೆಸರು ಒಂದು ಪ್ರವಾಸದಲ್ಲಿಯೇ ಕೆಡುತ್ತದೆ. ಅಳೆದು, ಬರೆದು, ದೋಷವನ್ನು ಕಣ್ಣಿಗೆ ತೋರಿಸಿ, ಅದಕ್ಕೆ ತಕ್ಕ ಕೂಲಿಯನ್ನು ಮುಚ್ಚುಮರೆಯಿಲ್ಲದೆ ಪಡೆದವರ ಬಳಿಗೆ ಅದೇ ಮಾಲೀಕರು ಮತ್ತೆ ಬರುತ್ತಾರೆ. ಅರಸೀಕೆರೆ, ಹಳೇಬೀಡು, ಬೇಲೂರು ಭಾಗದ ಗ್ಯಾರೇಜು ಮಾಲೀಕರು ಮುಂದಿನ ಬಿಲ್ಲು ಪುಸ್ತಕವನ್ನು ಅಚ್ಚು ಹಾಕಿಸುವಾಗ ಪತ್ತೆಯ ಕೂಲಿ ಎಂಬ ಒಂದು ಸಾಲನ್ನು ಸೇರಿಸಲಿ. ಮಾರ್ಪಡಿಸಿದ ಬಸ್ಸುಗಳ ಮಾಲೀಕರು ಆ ಸಾಲನ್ನು ಕಂಡು ಹುಬ್ಬು ಗಂಟಿಕ್ಕದೆ, ಅದರೊಡನೆ ಬರಬೇಕಾದ ಪರೀಕ್ಷಾ ಪತ್ರವನ್ನು ಕೇಳಿ ಪಡೆಯಲಿ.